ಭಾರ ಬಿದ್ದ ಮೇಲೆ ಬಿಗಿ

ಸೆಪ್ಟೆಂಬರ್ ೧, ಸೋಮವಾರ

ಫೇಲ್ ಅಂತೆ. ಬಿ.ಎ. ಎರಡನೇ ವರ್ಷದ ಇಂಗ್ಲಿಷ್ ಪೇಪರಿನ ನಂತರ ಈ ಶಬ್ದವನ್ನು ನನ್ನ ಮುಖಕ್ಕೆ ಯಾರೂ ಎಸೆದಿರಲಿಲ್ಲ. ಇವತ್ತು ವಾಹನ ತಪಾಸಣೆ ಕಚೇರಿಯ ಅಂಗಳದಲ್ಲಿ, ಸುಡುಬಿಸಿಲಿನಲ್ಲಿ, ನನ್ನ ಮಗಳ ವಯಸ್ಸಿನ ಇನ್ಸ್‌ಪೆಕ್ಟರಮ್ಮ ಎಸೆದಳು. ಕಾರಿನ ಮುಂಭಾಗವನ್ನು ಜಾಕಿನಲ್ಲಿ ಎತ್ತಿಸಿ, ಸಲಾಕೆ ತೂರಿಸಿ ಮೀಟಿದಳು. ಕಟ್ ಕಟ್ ಎಂದಿತು. ಇನ್ನೊಂದು ಕಡೆ ಮೀಟಿದಳು. ಅಲ್ಲಿಯೂ ಕಟ್, ಸ್ವಲ್ಪ ಕಡಿಮೆ.

"ಪ್ಲೇ ಇದೆ ಸರ್."

"ಯಾವ ಪ್ಲೇ?" ಎಂದೆ. ನನಗೆ ಗೊತ್ತಿರುವ ಪ್ಲೇ ಎಂದರೆ ಐದು ಅಂಕಗಳದ್ದು, ಕೊನೆಗೆ ಎಲ್ಲರೂ ಸಾಯುವಂಥದ್ದು.

"ಆಟ ಸರ್. ಚಕ್ರ ಆಟ ಆಡ್ತಿದೆ. ಮುಂದಿನ ಬುಶ್ ಎಲ್ಲ ಸವೆದು ಹೋಗಿದೆ. ಈ ತಿಂಗಳು ಮುಗಿಯೋದ್ರೊಳಗೆ ಸರಿ ಮಾಡಿಸಿ ತನ್ನಿ. ಇಲ್ಲಾಂದ್ರೆ ರಿಜಿಸ್ಟ್ರೇಷನ್ ರದ್ದಾಗುತ್ತೆ." ಹೊರಟವಳು ನಿಂತು ಕೇಳಿದಳು, "ಅಲ್ಲ, ಓಡೋ ಗಾಡೀನ ಲಾರಿ ಮೇಲೆ ಹೇರ್ಕೊಂಡು ಯಾಕೆ ತಂದ್ರಿ?"

"ಓಡ್ಸೋರು ಇಲ್ಲ."

"ನೀವು?"

"ನಾನು ಪಕ್ಕದಲ್ಲಿ ಕೂರೋನು."

ನಗಲಿ. ಇದು ನಮ್ಮವಳ ಕಾರು. ಎರಡೇ ಸೀಟು, ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಅವರಪ್ಪ ತೀರಿಕೊಂಡಾಗ ಅಣ್ಣತಮ್ಮಂದಿರು ಮನೆ ಹಂಚಿಕೊಂಡರು. ಇವಳು ಇದೊಂದು ಸಾಕೆಂದು ಸ್ಟಿಯರಿಂಗ್ ಹಿಡಿದು ಹೊರಟು ಬಂದಳು. ನಾನು ಓಡಿಸಲು ಹೋದರೆ "ನೀವು ಗೇರನ್ನ ಸೌತೆಕಾಯಿ ಮುರಿದ ಹಾಗೆ ಮುರೀತೀರಿ, ಸುಮ್ನೆ ಕೂತ್ಕೊಳ್ರೀ" ಎನ್ನುತ್ತಿದ್ದಳು. ಅವಳು ಹೋಗಿ ಎರಡು ವರ್ಷ. ಕುಳ್ಳಗಿದ್ದಳು, ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡಿದ್ದಳು. ಅದು ಅಲ್ಲೇ ಇದೆ. ಅದರಲ್ಲಿ ಯಾರೂ ಕೂತಿಲ್ಲ, ಕೂರುವುದೂ ಇಲ್ಲ. ಅದಕ್ಕೇ ಲಾರಿ.

ಸಂಜೆ ವಿರೋಧ ಪಕ್ಷದವರು ಬಂದರು, ಅಂದರೆ ಮಗಳು ಮತ್ತು ಅಳಿಯ. ಅಳಿಯನಿಗೆ ಬೇಕರಿ ಇದೆ. ಹೆದ್ದಾರಿಯ ದೊಡ್ಡ ಹೋಟೆಲಿಗೆ ಬ್ರೆಡ್ ಹಾಕುತ್ತಾನೆ, ಅಲ್ಲಿನ ಧಣಿಗೆ ಈ ಕಾರಿನ ಮೇಲೆ ಕಣ್ಣು. ಬಾಗಿಲ ಮುಂದೆ ಪ್ರದರ್ಶನಕ್ಕಿಡುತ್ತಾನಂತೆ.

"ಮಾವ, ಷೆಡ್ಡಲ್ಲಿ ತುಕ್ಕು ಹಿಡಿಯೋ ಬದಲು ನಾಲ್ಕು ಜನ ನೋಡ್ಲಿ," ಎಂದ ಅಳಿಯ.

"ನಾಲ್ಕು ಜನ ನೋಡೋಕೆ ಇದೇನು ಮೃಗಾಲಯಾನಾ?"

ಮಗಳು ಮೆತ್ತಗೆ, "ಅಪ್ಪ, ಓಡದ ಕಾರು ಇಟ್ಕೊಂಡು ಏನು ಮಾಡ್ತೀಯ?" ಎಂದಳು. ಮೆತ್ತಗೆ ಹೇಳಿದ್ದೇ ನನ್ನನ್ನು ಕೆಣಕಿತು.

"ಓಡುತ್ತೆ. ಈ ತಿಂಗಳೊಳಗೆ ಪಾಸು ಮಾಡಿಸ್ತೀನಿ. ಆಗದಿದ್ರೆ ನಿಮ್ಮ ಧಣಿ ಹೊತ್ಕೊಂಡು ಹೋಗ್ಲಿ. ಪಾಸಾದ್ರೆ ಮಾರೋ ವಿಷಯ ಈ ಮನೇಲಿ ಯಾರೂ ಎತ್ತಕೂಡದು."

"ಮಾತು ಮಾತೇನಾ?" ಎಂದಳು.

"ಮಾತು ಮಾತೇ."

ಅವರು ಹೋದ ಮೇಲೆ ಅನಿಸಿತು: ಬುಶ್ ಎಂದರೆ ಏನು?

ಸೆಪ್ಟೆಂಬರ್ ೩, ಬುಧವಾರ

ಬುಶ್ ಎಂದರೆ ಪೊದೆ. ಕಾಲೇಜಿನಲ್ಲಿ ಹಾಗೇ ಕಲಿಸಿದ್ದು. ಪೊದೆಯಲ್ಲಿ ಹಕ್ಕಿ, ಹುಲಿ ಇರುತ್ತವೆ. ಕಾರಿನಲ್ಲಿ ಪೊದೆ ಹೇಗೆ ಬಂತು ಎಂದು ಬೀದಿ ತುದಿಯ ಮೆಕ್ಯಾನಿಕ್ಕನನ್ನು ಕೇಳಿದೆ. ಇವನಿಗೆ ನಾನಿಟ್ಟ ಹೆಸರು ನಾಳೆಬನ್ನಿ. ಏನು ಕೇಳಿದರೂ ಅದೇ ಉತ್ತರ. ಇವನ ಮನೆಗೆ ಬೆಂಕಿ ಬಿದ್ದರೆ ಬೆಂಕಿಗೂ ಹಾಗೇ ಹೇಳಿಯಾನು.

ಬೋನೆಟ್ಟಿನ ಮೇಲೆ ಕೈಯಿಟ್ಟು ವಿವರಿಸಿದ. ಚಕ್ರವನ್ನು ಹಿಡಿದ ಕಬ್ಬಿಣದ ತೋಳು ಮೇಲೆ ಕೆಳಗೆ ಆಡುತ್ತದೆ. ಅದು ಕಾರಿನ ಮೈಗೆ ಸೇರುವ ಜಾಗದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ರಬ್ಬರಿನ ಬಳೆ. ಒಳಗೊಂದು ಉಕ್ಕಿನ ಕೊಳವೆ, ಅದರೊಳಗೆ ಬೋಲ್ಟು. ಅಷ್ಟೇ. ಈ ಬಳೆಗೆ ಪೊದೆ ಎಂದು ಹೆಸರಿಟ್ಟ ಮಹಾನುಭಾವ ಯಾರೋ.

"ಮಾಡಿಕೊಡ್ತೀಯಾ?"

"ಈ ಕಾಲದ ಗಾಡಿಯಲ್ಲ ಸಾರ್. ರಬ್ಬರ್ ಸಿಗಲ್ಲ. ಸಿಕ್ಕಿದ್ರೂ ಅರ್ಧ ಕೆಲಸ ಆದ್ಮೇಲೆ ಇನ್ನೇನೋ ಮುರಿಯುತ್ತೆ. ಸುಮ್ನೆ ಕೊಟ್ಬಿಡಿ ಸಾರ್."

"ನಿನ್ನ ಹೆಂಡ್ತಿ ಕಾರಾಗಿದ್ರೆ ಕೊಡ್ತಿದ್ಯಾ?"

"ನನ್ನ ಹೆಂಡ್ತಿಗೆ ಕಾರಿಲ್ಲ ಸಾರ್. ಇದ್ದಿದ್ರೆ ನನ್ನ ಬಿಟ್ಟು ಹೋಗಿರೋಳು."

ರಬ್ಬರನ್ನು ಅಂಚೆಯಲ್ಲಿ ತರಿಸುತ್ತೇನೆ. ಕೆಲಸವನ್ನೂ ನಾನೇ ಮಾಡುತ್ತೇನೆ. ನಲವತ್ತು ವರ್ಷ ಕನ್ನಡಕದ ಅಂಗಡಿ ನಡೆಸಿದವನು ನಾನು. ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಜನರ ಮೂಗಿನ ಮೇಲೆ ಕೂರಿಸಿದ್ದೇನೆ. ಹೆಬ್ಬೆರಳು ಗಾತ್ರದ ಬೋಲ್ಟು ಯಾವ ಲೆಕ್ಕ? ಕಣ್ಣಿಗಾದರೂ ಕಾಣುತ್ತದೆ.

ಸೆಪ್ಟೆಂಬರ್ ೯, ಮಂಗಳವಾರ

ಪಾರ್ಸೆಲ್ ಬಂತು. ಬಿಚ್ಚಿದರೆ ಕಪ್ಪಗೆ, ಅಂಗೈಯಲ್ಲಿ ನಾಲ್ಕು ಕೂರುವಂಥ ಉಂಡೆಗಳು. ಇಷ್ಟಕ್ಕೆ ಇಷ್ಟು ರಾದ್ಧಾಂತ!

ನಮ್ಮವಳ ಪೆಟ್ಟಿಗೆಯಿಂದ ಕಾರಿನ ಕೈಪಿಡಿ ತೆಗೆದೆ. ಇಂಗ್ಲಿಷಿನಲ್ಲಿದೆ. ಎಲ್ಲ ಪ್ಯಾಸಿವ್ ವಾಯ್ಸ್. ದಿ ವೀಲ್ ಈಸ್ ಟು ಬಿ ರಿಮೂವ್ಡ್. ಯಾರು ತೆಗೆಯಬೇಕು? ಹೇಳುವ ಧೈರ್ಯವಿಲ್ಲ. ಮೈಗಳ್ಳರ ಭಾಷೆ. "ತೆಗೀರಿ" ಎಂದರೆ ಮುಗಿಯುತ್ತಿತ್ತು.

ಮಗಳು ಆಸ್ಪತ್ರೆ ಮುಗಿಸಿಕೊಂಡು ಬಂದಳು. ಅವಳು ಫಿಸಿಯೋಥೆರಪಿಸ್ಟ್, ಜನರ ಮಂಡಿ, ಭುಜ ಮಡಚಿ ಬಿಡಿಸುವ ಕೆಲಸ. ನಾನು ಕಾರೆತ್ತಿ ಕಬ್ಬಿಣದ ಕುದುರೆಗಳ, ಅಂದರೆ ಮುಕ್ಕಾಲಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ್ದೆ. ಅವಳು ಕಾರಿಗೆ ಭುಜ ಕೊಟ್ಟು ತಳ್ಳಿ ನೋಡಿದಳು, ಅಲ್ಲಾಡುತ್ತದೆಯೋ ಎಂದು. ಅಲ್ಲಾಡಲಿಲ್ಲ. ನಾನು ಒಂದು ಹುಬ್ಬು ಮಾತ್ರ ಏರಿಸಿದೆ.

"ಕೆಳಗೆ ಹೋಗೋವಾಗ ನಂಗೆ ಫೋನ್ ಮಾಡು."

"ಯಾಕೆ, ಅಪ್ಪಣೆ ಬೇಕಾ?"

"ಅಪ್ಪಣೆ ಅಲ್ಲ ಅಪ್ಪ. ಹೊರಗೆ ಎಳೆಯೋಕೆ ಕಾಲು ಹಿಡ್ಕೊಳ್ಳೋರು ಒಬ್ರು ಬೇಕಲ್ಲ."

ಹೋಗಮ್ಮ, ಹೋಗು ಎಂದೆ.

ಸೆಪ್ಟೆಂಬರ್ ೧೧, ಗುರುವಾರ

ಬೋಲ್ಟು ಬರಲಿಲ್ಲ. ಎಣ್ಣೆ ಬಿಟ್ಟೆ. ಬಡಿದೆ. ಬೈದೆ. ಬರಲಿಲ್ಲ.

ನನ್ನ ಹಟ ಅದಕ್ಕೆ ಗೊತ್ತಿಲ್ಲ.

ಸೆಪ್ಟೆಂಬರ್ ೧೨, ಶುಕ್ರವಾರ

ಬಂತು! ಕಿರ್ರೆಂದು ಕಿರುಚಿಕೊಂಡು, ಬೀದಿ ನಾಯಿಗಳನ್ನೆಲ್ಲ ಎಬ್ಬಿಸಿ ಬಂತು. ಸ್ಪ್ರಿಂಗನ್ನು ಜಾಕಿನ ಮೇಲೆ ಹೆಜ್ಜೆ ಹೆಜ್ಜೆಯಾಗಿ ಇಳಿಸಿದೆ, ಕಾಲು ಹಿಡಿದುಕೊಳ್ಳಲು ಮಗಳನ್ನು ಕರೆಸಿಕೊಂಡಿದ್ದೆ. ಸ್ಪ್ರಿಂಗ್ ಹಾರಿದರೆ ಗೋಡೆಯನ್ನೇ ತೂತು ಮಾಡುತ್ತದೆಂದು ಕೈಪಿಡಿ ಪ್ಯಾಸಿವ್ ವಾಯ್ಸಿನಲ್ಲಿ ಎಚ್ಚರಿಸಿತ್ತು.

ತೋಳು ಕಳಚಿ, ವೈಸಿನ ಇಕ್ಕಳದಲ್ಲಿ ಕಚ್ಚಿಸಿ, ಹಳೇ ಬುಶ್ಶುಗಳನ್ನು ಹಿಂಡಿ ತೆಗೆದೆವು. ಲೆನ್ಸ್ ಪರೀಕ್ಷೆಯ ಭೂತಗನ್ನಡಿ ಕಣ್ಣಿಗಿಟ್ಟು ನೋಡಿದೆ. ನಾನು ಕೂರುವ ಕಡೆಯವು ಪರವಾಗಿಲ್ಲ, ತೂತು ಇನ್ನೂ ಗುಂಡಗಿದೆ. ಅವಳ ಕಡೆಯವು ಸವೆದು ಮೊಟ್ಟೆಯಾಕಾರ. ರಬ್ಬರ್ ಹಿಟ್ಟಾಗಿ ಉದುರಿತು.

"ಎರಡೂ ಕಡೆ ಒಟ್ಟಿಗೇ ಅಲ್ವಾ ಸವೀಬೇಕು?" ಎಂದೆ.

"ಇಬ್ರೂ ಕೂತಾಗ ಒಟ್ಟಿಗೆ. ಅಮ್ಮ ಒಬ್ಳೇ ಎಷ್ಟು ಓಡ್ಸಿದ್ಲು ಗೊತ್ತಾ? ನೀನು ಅಂಗಡೀಲಿ ಇರ್ತಿದ್ದೆ. ನನ್ನ ಶಾಲೆಗೆ ಬಿಟ್ಟು, ಸುಮ್ನೆ ಒಂದು ಸುತ್ತು ಹಾಕ್ಕೊಂಡು ಬರೋಳು."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ ಅಪ್ಪ. ಸುತ್ತೋಕೆ."

ಗೊತ್ತಿರಲಿಲ್ಲ. ಇರಲಿ. ನನ್ನ ಪಕ್ಕ ಕೂತೇ ಅವಳು ಕಾರು ಓಡಿಸುತ್ತಿದ್ದಳು ಎಂದುಕೊಂಡಿದ್ದೆ. ಸುತ್ತಲಿ, ಅವಳ ಕಾರು. ಆದರೂ ಒಂದು ಮಾತು ಹೇಳಬಹುದಿತ್ತು.

ಸೆಪ್ಟೆಂಬರ್ ೧೬, ಮಂಗಳವಾರ

ಹೊಸ ಬುಶ್ಶು ಕೂತವು. ಸಾಬೂನು ನೀರು ಸವರಿ, ಉದ್ದ ಬೋಲ್ಟು ಮತ್ತು ಕೊಳವೆ ತುಂಡುಗಳಿಂದ ನಾನೇ ಕಟ್ಟಿದ ಯಂತ್ರದಲ್ಲಿ ಒಳಗೆಳೆದೆ. ನಾಳೆಬನ್ನಿ ಬಂದು ಇಣುಕಿ ನೋಡಿದ. "ಗನ್ ತರ್ಲಾ ಸಾರ್? ಟುರ್ರ್ ಅಂತ ಬಿಗಿ ಆಗುತ್ತೆ." ಬೋಲ್ಟು ತಿರುಗಿಸುವ ಅವನ ಗಾಳಿ ಪಿಸ್ತೂಲನ್ನು ನಮ್ಮವಳ ಕಾರಿಗೆ ಹಿಡಿಯುವುದೆ? ಬೇಡ ಎಂದೆ.

ಕೈಪಿಡಿಯಲ್ಲಿ ಈ ಬೋಲ್ಟುಗಳ ಬಗ್ಗೆ ಒಂದೇ ಸಾಲು: ಮೊದಲು ಕೈಯಲ್ಲಿ ಸಡಿಲವಾಗಿ ಸೇರಿಸಿ, "ಟು ಬಿ ಫುಲ್ಲಿ ಟೈಟನ್ಡ್ ವೆನ್ ಲೇಡನ್." ಲೇಡನ್ ಆದಾಗ ಪೂರ್ತಿ ಬಿಗಿ ಮಾಡಬೇಕು ಎಂದು. ಇದೊಂದು ಚಂದದ ವಾಕ್ಯ. ಲೇಡನ್ ಶಬ್ದ ನನಗೆ ನೆನಪಿದೆ. ಪದ್ಯದ ಕ್ಲಾಸಿನಲ್ಲಿ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಅರ್ಥ ಹೇಳಿದ್ದರು: ಹೊರೆ ಹೊತ್ತು ಬಾಗಿದ, ದುಃಖದಿಂದ ಭಾರವಾದ. ಕಾರಿನ ಪುಸ್ತಕದಲ್ಲಿ ದುಃಖ ಯಾಕೆ ಬಂತು? ಯಾರು ಲೇಡನ್? ಕರ್ತೃಪದವೇ ಇಲ್ಲ! ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಹೊಳೆಯಿತು. ಸ್ಪ್ಯಾನರಿನ ಮೇಲೆ ಹೊರೆ ಬೀಳಬೇಕು, ಅಂದರೆ ಮೈಭಾರವೆಲ್ಲ ಹಾಕಿ ಒತ್ತಬೇಕು. ಇಂಗ್ಲಿಷ್ ಮಣ್ಣಾಗಿಲ್ಲ, ತಲೆಯೊಳಗೆ ಎಲ್ಲೋ ಜೀವಂತವಿದೆ ಎಂದು ಖುಷಿಯಾಯಿತು.

ಕಾರು ಕುದುರೆಗಳ ಮೇಲೇ ಇತ್ತು, ಚಕ್ರಗಳು ಗಾಳಿಯಲ್ಲಿ ತೂಗುತ್ತಿದ್ದವು. ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಅದರ ಮೇಲೆ ನಾನು ಪೂರ್ತಿ ಲೇಡನ್ ಆದೆ. ಎಷ್ಟು ಬಿಗಿ ಮಾಡಿದೆನೆಂದರೆ, ಕಣ್ಣ ಮುಂದೆ ನಕ್ಷತ್ರ ಬಂದವು.

ಹೋಟೆಲಿನ ಧಣಿ ಬಾಗಿಲ ಮುಂದೆ ಇಡಲು ಬೇರೆ ಹೂಕುಂಡ ಹುಡುಕಿಕೊಳ್ಳಲಿ.

ಸೆಪ್ಟೆಂಬರ್ ೧೭, ಬುಧವಾರ

ಕೆಳಗಿಳಿಸಿದೆ. ಕಾರು ಎದೆಯುಬ್ಬಿಸಿ ನಿಂತಿದೆ! ಮೂತಿ ಮೊದಲಿಗಿಂತ ನಾಲ್ಕು ಬೆರಳು ಮೇಲೆ. ಸೊಂಟ ಹಿಡಿದವರು ಒಮ್ಮೆಲೇ ನೆಟ್ಟಗಾದ ಹಾಗೆ.

ಅಳಿಯ ಬ್ರೆಡ್ಡು ಕೊಡಲು ಬಂದವನು ಸುತ್ತ ತಿರುಗಿ ನೋಡಿದ. "ಮಾವ, ಇದು ಮೂಗು ಮೇಲೆ ಮಾಡ್ಕೊಂಡಿದೆ. ಥೇಟ್ ನಿಮ್ಮ ಹಾಗೇ."

"ಬುಶ್ ಹೊಸದು. ಅದಕ್ಕೆ ಆ ಠೀವಿ."

ಅವನಿಗೆ ಹೊಟ್ಟೆಕಿಚ್ಚು. ಬಾಗಿಲು ತೆರೆದು, ಹೊರಗಿನಿಂದಲೇ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಅಂಗಳದಲ್ಲಿ ತಳ್ಳಿದೆ. ಕೀಂವ್ ಎಂದಿತು. ಹೊಸ ಚಪ್ಪಲಿಯೂ ಹಾಗೇ ಅಲ್ಲವೆ?

ಸೆಪ್ಟೆಂಬರ್ ೧೯, ಶುಕ್ರವಾರ

ಕೀಂವ್ ನಿಲ್ಲಲಿಲ್ಲ. ಮೂತಿಯೂ ಇಳಿಯಲಿಲ್ಲ. ಬೋನೆಟ್ಟಿನ ಮೇಲೆ ಕೂತು ಕುಪ್ಪಳಿಸಿದರೂ ಇಳಿಯಲಿಲ್ಲ. ಅದೇ ಹೊತ್ತಿಗೆ ಮಗಳು ಗೇಟು ತೆಗೆದುಕೊಂಡು ಬಂದಳು, ಅಪ್ಪ ಬೋನೆಟ್ಟಿನ ಮೇಲೆ ಕುಪ್ಪಳಿಸುವುದನ್ನು ನೋಡಿದಳು. ಬಗ್ಗಿ ಕೆಳಗೆ ನೋಡಿದಳು. ಆಮೇಲೆ ಕೈಪಿಡಿ ತೆರೆದಳು.

"ಇದನ್ನ ಯಾವಾಗ ಬಿಗಿ ಮಾಡ್ದೆ? ಎತ್ತಿಟ್ಟಾಗ್ಲೇನಾ?"

"ಹೌದು. ಲೇಡನ್ ಅಂತ ಬರ್ದಿದೆ. ಮೈಭಾರ ಹಾಕೇ ಮಾಡಿದ್ದೀನಿ."

ಅವಳು ಪುಸ್ತಕದಿಂದ ಮುಖ ಎತ್ತಿದಳು. ನಗು ತಡೆಯಲು ಕೆನ್ನೆಯನ್ನು ಒಳಗಿಂದ ಕಚ್ಚಿಕೊಂಡಿದ್ದಳು. ಅವಳಮ್ಮನೂ ಹಾಗೇ ಮಾಡುತ್ತಿದ್ದಳು.

"ಅಪ್ಪ. ಲೇಡನ್ ಆಗ್ಬೇಕಾದ್ದು ಕಾರು. ನೀನಲ್ಲ."

"ಎಲ್ಲಿದೆ ಕಾರು? ತೋರ್ಸು. ಆ ಸಾಲಲ್ಲಿ ಕಾರು ಅನ್ನೋ ಪದ ಎಲ್ಲಿದೆ?"

"ಚಕ್ರ ನೆಲದ ಮೇಲಿರ್ಬೇಕು. ಇಬ್ರು ಒಳಗೆ ಕೂತಿರ್ಬೇಕು. ಭಾರ ಬಿದ್ದು, ತೋಳು ತನ್ನ ಜಾಗಕ್ಕೆ ಬಂದ್ಮೇಲೆ ಬಿಗಿ ಮಾಡ್ಬೇಕು. ನೀನು ಕಾಲು ಜೋತು ಬಿದ್ದಿರೋವಾಗ ಬಿಗಿ ಮಾಡಿದ್ದೀಯ. ಈಗ ನಿಲ್ಸಿದ್ರೆ ರಬ್ಬರ್ ತಿರುಚ್ಕೊಂಡು ಒದ್ದಾಡುತ್ತೆ. ಮಂಡಿಗೆ ಕಟ್ಟೋ ಪಟ್ಟೀನ ಕಾಲು ಮಡಚಿ ಬಿಗಿಯಾಗಿ ಕಟ್ಟಿ, ಆಮೇಲೆ ನಡೀರಿ ಅಂದ ಹಾಗೆ. ಹೀಗೇ ಓಡ್ಸಿದ್ರೆ ಹದಿನೈದು ದಿನಕ್ಕೆ ಹರಿದು ಹೋಗುತ್ತೆ."

ಅವಳು ಹೇಳಿದ್ದು ಸರಿ ಎಂದು ಆಗಲೇ ಅನಿಸಿತ್ತು. ಅದೇ ಕೋಪ. ನನ್ನ ಇಂಗ್ಲಿಷಿನ ಬಗ್ಗೆ ನೀನು ಹೇಳಬೇಡ, ನೀನು ಹುಟ್ಟುವ ಮೊದಲೇ ನಾನು ಆ ಶಬ್ದ ಓದಿದವನು ಎಂದೆ. ಅವಳು, "ಓದಿದ್ದೀಯ ಅಪ್ಪ, ಪದ್ಯದಲ್ಲಿ" ಎಂದಳು. ನಿಮಗೆ ಇದು ಪಾಸಾಗುವುದೇ ಬೇಡ, ಧಣಿಯ ಹತ್ತಿರ ಮಾತು ಕೊಟ್ಟಾಗಿದೆ ಎಂದು ಕೂಗಿದೆ.

"ಹೌದು, ಬೇಡ," ಎಂದಳು ಅವಳೂ ಕೂಗಿ. "ಎರಡು ವರ್ಷದಿಂದ ನೀನು ಆ ಷೆಡ್ಡಲ್ಲಿ ಕೂತಿರೋದು ನೋಡಿ ನೋಡಿ ಸಾಕಾಗಿದೆ. ಒಂದೋ ಕಾರು ಹೊರಗೆ ಬರ್ಲಿ, ಇಲ್ಲಾ ನೀನು ಬಾ. ಎರಡೂ ಒಳಗೇ ಇದ್ರೆ ನಾನೇನು ಮಾಡ್ಲಿ?"

ಗೆಟ್ ಔಟ್ ಎಂದೆ. ಇಂಗ್ಲಿಷಿನಲ್ಲೇ. ಅದರ ಅರ್ಥದ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯ ಬರಲಿಲ್ಲ.

ಸೆಪ್ಟೆಂಬರ್ ೨೦, ಶನಿವಾರ

ಬರೆಯುವುದು ಏನೂ ಇಲ್ಲ.

ಸೆಪ್ಟೆಂಬರ್ ೨೧, ಭಾನುವಾರ

ಎತ್ತಿಕೊಂಡಿದ್ದ ಮೂತಿಯ ಕೆಳಗೆ ಕೈ ತೂರಿಸಿ ಬೋಲ್ಟು ಸಡಿಲಿಸಿದೆ. ಢಬ್ ಎಂದು ಮೂತಿ ತಾನಾಗಿ ಕೆಳಗೆ ಕೂತಿತು. ಭೂತಗನ್ನಡಿ ಹಿಡಿದು ಅಂಗುಲ ಅಂಗುಲ ನೋಡಿದೆ: ರಬ್ಬರಿನಲ್ಲಿ ಸೀಳಿಲ್ಲ. ಬಚಾವು.

ಈಗ ಕಾರಿಗೆ ಇಬ್ಬರ ಭಾರ ಬೇಕು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದಾರೆ, ಮರಳು ತಂದು ಚೀಲಗಳಿಗೆ ತುಂಬಿದೆ. ನನ್ನ ಸೀಟಿನಲ್ಲಿ ಎರಡು ಇಟ್ಟೆ. ಅವಳ ಸೀಟಿನಲ್ಲಿ ಕೊಳೆಯಾಗದಂತೆ ಬಿಳಿ ಬೆಡ್‌ಷೀಟು ಹಾಸಿ, ಎರಡು ಚೀಲ ಇಟ್ಟು, ಮೇಲೂ ಷೀಟು ಮುಚ್ಚಿದೆ. ದೂರ ನಿಂತು ನೋಡಿದೆ.

ಥೂ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳನ್ನು ಹೀಗೆ ನೋಡಿದ್ದು ಸಾಲದೇ?

ಓಡಿ ಹೋಗಿ ಎಲ್ಲ ತೆಗೆದೆ. ಮರಳನ್ನು ಅಂಗಳಕ್ಕೆ ಸುರಿದೆ. ಆಮೇಲೆ ಮಗಳಿಗೆ ಫೋನು ಮಾಡಿದೆ.

"ನಿನ್ನ ತೂಕ ಎಷ್ಟು?"

"ಎರಡು ದಿನ ಆದ್ಮೇಲೆ ಫೋನ್ ಮಾಡಿ, ಹೆಂಗಸರ ತೂಕ ಕೇಳ್ತೀಯಲ್ಲ ಅಪ್ಪ."

"ಹೆಂಗಸರದ್ದಲ್ಲ. ನಿಂದು."

"ಯಾಕೆ?"

"ಬೋಲ್ಟಿಗೆ."

"ಸಾರಿ ಕೇಳೋಕಲ್ವಾ?"

"ಅದೂ ಇದೆ," ಎಂದೆ. "ಒಟ್ಟಿಗೆ ಕೇಳ್ದೆ ಅಂದ್ಕೋ."

ಸೆಪ್ಟೆಂಬರ್ ೨೪, ಬುಧವಾರ

ದೊಡ್ಡ ದಿನ, ಉದ್ದ ಬರೆಯುತ್ತೇನೆ.

ಚಕ್ರ ನೆಲದ ಮೇಲಿರಬೇಕು, ಕೆಳಗಿಂದ ಸ್ಪ್ಯಾನರೂ ಹೋಗಬೇಕು ಎಂದರೆ ಗುಂಡಿ ಬೇಕು. ಗುಂಡಿ ಇರುವುದು ನಾಳೆಬನ್ನಿಯ ಗ್ಯಾರೇಜಿನಲ್ಲಿ. ಕೇಳಿದೆ. ನಾಳೆ ಬನ್ನಿ ಎಂದ. ನಿನ್ನೆ ಕೇಳಿದ್ದರಿಂದ ಇವತ್ತು ಹೋದೆವು. ಗುಂಡಿಯ ಮೇಲಿನ ಹಲಗೆ ಸರಿಸಿಕೊಟ್ಟ.

ಬೋಲ್ಟು ಸಡಿಲವಿರುವಾಗ ಇಂಜಿನ್ ಹಾಕಿ ಓಡಿಸುವುದು ಬೇಡ, ತಳ್ಳಿಕೊಂಡೇ ಹೋಗೋಣ ಎಂದು ತೀರ್ಮಾನ. ಮಗಳು, ಅಳಿಯ ಹಿಂದಿನಿಂದ ತಳ್ಳಿದರು. ಸ್ಟಿಯರಿಂಗ್ ನನ್ನದು. ಕೈಗೆ ಕಲ್ಲಿನಷ್ಟು ಭಾರ, ಅದು ಹೇಗೆ ತಿರುಗಿಸುತ್ತಿದ್ದಳೋ ಆ ಸಣ್ಣ ತೋಳುಗಳಲ್ಲಿ. ಮಂಡಿ ಸ್ಟಿಯರಿಂಗಿಗೆ ತಾಗಿ ತಿರುವಿನಲ್ಲಿ ಕಲ್ಲುಕಂಬಕ್ಕೆ ಹೊಡೆಯುವುದರಲ್ಲಿದ್ದೆ. ಅಡಿಯ ಹಿಡಿ ಹುಡುಕಿ ಸೀಟು ಹಿಂದಕ್ಕೆ ತಳ್ಳಿಕೊಂಡೆ. ಆಮೇಲೆ ಸಲೀಸು. ಬ್ರೇಕಿಗೆ ಕಾಲು ಪೂರ್ತಿ ಹೋಗುತ್ತದೆ. ಕನ್ನಡಿಯಲ್ಲಿ ಅಳಿಯನ ಹೊಟ್ಟೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ, ಅದನ್ನೂ ತಿರುಗಿಸಿಕೊಂಡೆ.

"ಮಾವ, ಬ್ರೇಕ್ ಬಿಡಿ! ನಾವೇನು ಗೋಡೆ ತಳ್ತಿದ್ದೀವಾ?"

"ತಳ್ಳಿ ಅಳಿಯಂದಿರೇ, ಬ್ರೆಡ್ಡು ಕರಗಲಿ!"

ಗುಂಡಿಯ ಹತ್ತಿರ ಮತ್ತೆ ಜಗಳ. ನಾನು ಸ್ಪ್ಯಾನರು ಹಿಡಿದು ಇಳಿಯಲು ಹೊರಟೆ. ಮಗಳು ತೋಳು ಹಿಡಿದಳು.

"ನೀನು ಕೂರೋನು."

"ಬಿಗಿ ಮಾಡೋನು ನಾನು."

"ಇಬ್ರು ಕೂರ್ಬೇಕು. ಇರೋದು ಮೂವರು. ಗುಂಡೀಲಿ ನಿನ್ನ ಮಂಡಿ ಏಳಲ್ಲ, ಇವರ ಹೊಟ್ಟೆ ಇಳಿಯಲ್ಲ. ಉಳಿದಿದ್ದು ಯಾರು?"

"ನಾನಿದ್ದೀನಲ್ಲ," ಎಂದ ನಾಳೆಬನ್ನಿ, ಗನ್ ಎತ್ತಿ ತೋರಿಸಿ. ಮೂವರೂ ಒಟ್ಟಿಗೆ ಬೇಡ ಎಂದೆವು.

ಹೀಗೆ ಮಗಳು ಗುಂಡಿಗಿಳಿದಳು, ನಾನು ಮತ್ತು ಅಳಿಯ ಕಾರಿನೊಳಗೆ ಹೊರೆಯಾಗಿ ಕೂತೆವು. ಮೊದಲು ಕಾರನ್ನು ಹಿಂದೆ ಮುಂದೆ ಆಡಿಸಿ ಕುಲುಕಿಸಿದೆವು, ತೋಳು ತನ್ನ ಜಾಗ ಹುಡುಕಿಕೊಳ್ಳಲಿ ಎಂದು. ಆಮೇಲೆ ಕೆಳಗಿನಿಂದ ಅವಳ ದನಿ, ರೋಗಿಗಳಿಗೆ ಹೇಳುವ ದನಿ: "ಈಗ ಅಲ್ಲಾಡ್ಬೇಡಿ. ಮೈ ಸಡಿಲ ಬಿಡಿ. ಅಪ್ಪ, ಉಸಿರು ಹಿಡ್ಕೊಂಡಿದ್ದೀಯ, ಬಿಡು."

"ಕೆಳಗಿಂದ ಹೇಗೆ ಗೊತ್ತಾಯ್ತು?"

"ನಿನ್ನ ಮಗಳಲ್ವಾ?"

ಏನೂ ಮಾಡದೆ ಕೂರುವುದು ಜಗತ್ತಿನಲ್ಲೇ ಅತಿ ಕಷ್ಟದ ಕೆಲಸ. ನನ್ನ ಕೈಗಳಿಗೆ ಏನು ಮಾಡಬೇಕೋ ತೋಚಲಿಲ್ಲ, ಸ್ಟಿಯರಿಂಗಿನ ಮೇಲಿಟ್ಟೆ. ಕೆಳಗೆ ಸ್ಪ್ಯಾನರು ಟಿಕ್ ಟಿಕ್ ಎನ್ನುತ್ತಿತ್ತು. ಅಳಿಯ ಪಿಸುಗುಟ್ಟಿದ, "ಮಾವ, ಧಣಿ ವಿಷಯ ತಂದಿದ್ದು ನಾನೇ. ಅವಳಲ್ಲ. ನೀವು ಅವಳ ಮೇಲೆ ರೇಗ್ಬೇಡಿ."

"ಯಾರು ರೇಗಿದ್ದು?" ಎಂದೆ.

"ಅಲ್ಲಾಡ್ಬೇಡಿ ಅಂದೆ!" ಎಂದಿತು ನೆಲ.

ಮೂತಿ ತಗ್ಗಿಯೇ ಇದೆ. ಕೀಂವ್ ಇಲ್ಲ.

ಸೆಪ್ಟೆಂಬರ್ ೨೭, ಶನಿವಾರ

ಎರಡು ದಿನ ಕೆರೆಯಾಚೆಯ ಖಾಲಿ ರಸ್ತೆಯಲ್ಲಿ ಓಡಿಸಿದೆವು. ಮಗಳು ಪಕ್ಕದಲ್ಲಿ. ಗೇರು ಎರಡು ಸಲ ಗೋಳಿಟ್ಟಿತು, ಮೂರನೇ ಸಲ ಒಪ್ಪಿಕೊಂಡಿತು. ಮೋರಿಯ ಹತ್ತಿರದ ಹಳ್ಳ ಹಾರಿಸಿದೆ, ಕಟ್ ಎನ್ನಲಿಲ್ಲ. ನಾವಿಬ್ಬರೂ ಒಂದೇ ಸಲ "ಹಾ!" ಎಂದೆವು.

ಹಿಂದಿರುಗಿದರೆ ಗೇಟಿನಲ್ಲಿ ಹೋಟೆಲಿನ ಧಣಿ. ಬಿಳೀ ಪ್ಯಾಂಟು, ಕೈಯಲ್ಲಿ ಅಳತೆ ಪಟ್ಟಿ.

"ಯಜಮಾನ್ರೇ, ಕಲ್ಲಿನ ಪೀಠ ಮಾಡಿಸ್ತಿದ್ದೀನಿ. ಚಕ್ರ ತೆಗ್ದು ಅದರ ಮೇಲೆ ಕೂರಿಸ್ತೀವಿ. ಬೋನೆಟ್ ತೆಗೆದು ಒಳಗೆ ಹೂಗಿಡ. ರಾತ್ರಿ ಲೈಟು."

"ಚಕ್ರ ಯಾಕೆ ತೆಗೀತೀರಿ?"

"ಓಡಲ್ವಲ್ಲ."

"ಈಗ ನಾವು ಬಂದಿದ್ದು ಹೇಗೆ, ತೆವಳ್ಕೊಂಡಾ?"

"ಸೋಮವಾರ ಫೇಲಾದ್ರೆ ನನಗೇ ಅಂತ ನಿಮ್ಮ ಮಾತಿದೆಯಂತೆ."

"ಇದೆ. ಫೇಲಾದ್ರೆ ನಾನೇ ಓಡಿಸ್ಕೊಂಡು ಬಂದು ನಿಮ್ಮ ಪೀಠ ಹತ್ತಿಸ್ತೀನಿ. ಈಗ ದಾರಿ ಬಿಡಿ, ಕಾರು ಒಳಗೆ ಹೋಗ್ಬೇಕು."

ಅವನು ಸರಿಯುವವರೆಗೆ ಹಾರನ್ ಒತ್ತಿದೆ. ಅವನು ಸರಿದ ಮೇಲೂ ಸ್ವಲ್ಪ ಒತ್ತಿದೆ.

ಸೆಪ್ಟೆಂಬರ್ ೨೯, ಸೋಮವಾರ

ಅದೇ ಅಂಗಳ, ಅದೇ ಬಿಸಿಲು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿಕೊಂಡೇ ಹೋದೆ. ಕಾರಿಳಿದು ಇನ್ಸ್‌ಪೆಕ್ಟರಮ್ಮನಿಗೆ ಕೀ ಕೊಟ್ಟೆ. ಅವಳು ಎತ್ತಿಸಿದಳು, ಸಲಾಕೆ ತೂರಿಸಿದಳು, ಮೀಟಿದಳು. ಸದ್ದಿಲ್ಲ. ಇನ್ನೊಂದು ಕಡೆ. ಸದ್ದಿಲ್ಲ. ಮೊಣಕೈಯೂರಿ ಜೋರಾಗಿ ಮೀಟಿದಳು. ಆಗಲೂ ಕಟ್ ಎನ್ನಲಿಲ್ಲ.

"ಬುಶ್ ಯಾರು ಹಾಕಿದ್ದು?"

"ನಾವು," ಎಂದೆ.

"ಚೆನ್ನಾಗಿದೆ. ನಾನೊಂದು ಸುತ್ತು ಓಡಿಸಿ ಬ್ರೇಕ್ ನೋಡ್ಬೇಕು."

"ನೋಡಿ. ಎರಡನೇ ಗೇರು ಸ್ವಲ್ಪ ಮುಂಗೋಪಿ, ನಿಧಾನ ಹಾಕಿ. ಸೀಟು ಬೇಕಾದ್ರೆ ಮುಂದಕ್ಕೆ ಎಳ್ಕೊಳ್ಳಿ."

ಮಗಳು ನನ್ನನ್ನೇ ನೋಡುತ್ತಿದ್ದಳು, ಯಾಕೋ ಗೊತ್ತಿಲ್ಲ. ಕಣ್ಣಿಗೆ ಧೂಳು ಬಿತ್ತೆಂದು ಆ ಕಡೆ ತಿರುಗಿದಳು. ಇನ್ಸ್‌ಪೆಕ್ಟರಮ್ಮ ಅಂಗಳವನ್ನು ಒಂದು ಸುತ್ತು ಎಂದವಳು ಎರಡು ಸುತ್ತಿದಳು. ಇಳಿದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟಳು. ಪಾಸ್!

"ಓಡಿಸ್ಕೊಂಡು ಬಂದಿದ್ದು ನೀವೇ ಅಲ್ವಾ? ಲೈಸೆನ್ಸ್ ತೋರ್ಸಿ."

ಠೀವಿಯಿಂದ ತೆಗೆದು ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದಳು.

"ಸರ್, ಇದರ ಅವಧಿ ಮುಗಿದು ವರ್ಷದ ಮೇಲಾಯ್ತು. ನವೀಕರಣ ಆಗಲ್ಲ. ಮೊದಲಿಂದ ಮಾಡಿಸ್ಬೇಕು. ಕಲಿಯೋರ ಲೈಸೆನ್ಸು, ಆಮೇಲೆ ಟೆಸ್ಟು."

"ಅಂದ್ರೆ?"

"ಗಾಡಿ ಪಾಸು ಸರ್. ನೀವು ಫೇಲು."

ಮಗಳು ಕೆನ್ನೆ ಕಚ್ಚಿಕೊಳ್ಳುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಕಾರಿನ ಮೇಲೆ ಕೈಯಿಟ್ಟು ಬಗ್ಗಿ ಬಗ್ಗಿ ನಕ್ಕಳು. ಎರಡು ವರ್ಷದಲ್ಲಿ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ, ಅದಕ್ಕೇ ಸುಮ್ಮನಿದ್ದೆ. ಇಲ್ಲದಿದ್ದರೆ ಆ ಕಚೇರಿಯಲ್ಲಿ ದೊಡ್ಡ ಜಗಳವಾಗುತ್ತಿತ್ತು. ಮನೆಗೆ ಅವಳೇ ಓಡಿಸಿದಳು. ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುತ್ತಾಳೆ. ದಾರಿಯುದ್ದಕ್ಕೂ ಹೇಳಿದೆ.

ಅಕ್ಟೋಬರ್ ೪, ಶನಿವಾರ

ಅರ್ಜಿ ಹಾಕಿದೆ. ಕಣ್ಣಿನ ಪರೀಕ್ಷೆ ನಾನು ಬಿಟ್ಟುಕೊಟ್ಟ ಕನ್ನಡಕದ ಅಂಗಡಿಯಲ್ಲೇ. ಕೊನೆಯ ಸಾಲು ಓದಿ, ಅದರ ಕೆಳಗಿದ್ದ ಪ್ರೆಸ್ಸಿನ ಹೆಸರನ್ನೂ ಓದಿದೆ. ಸಂಚಾರ ಚಿಹ್ನೆಗಳ ಪರೀಕ್ಷೆಯ ಕೋಣೆಯಲ್ಲಿ ಮೀಸೆ ಮೂಡದ ಹುಡುಗರ ನಡುವೆ ಕೂತು ಬರೆದೆ. ಎಲ್ಲ ಸರಿ ಬಂತು. ಕಲಿಯುವವರ ಲೈಸೆನ್ಸು ಕೈಯಲ್ಲಿದೆ. ಪಕ್ಕದಲ್ಲಿ ಲೈಸೆನ್ಸುಳ್ಳವರು ಕೂತಿದ್ದರೆ ಓಡಿಸಬಹುದು. ಮಗಳು ಬೆಳಿಗ್ಗೆ ಬರುತ್ತೇನೆಂದಿದ್ದಾಳೆ.

ಕಾರಿಗೆ ಕೆಂಪಕ್ಷರದ ಎಲ್ ಅಂಟಿಸಬೇಕಂತೆ. ಅಳಿಯ ಸಂಕೋಚದಿಂದ, "ಮಾವ, ಈ ಬಣ್ಣದ ಮೇಲೆ ಗೋಂದು ಹಾಕ್ತೀರಾ? ಗುರುತು ಉಳಿದುಬಿಡುತ್ತೆ. ದಾರಕ್ಕೆ ಕಟ್ಟೋಣ, ಬೇಕಾದಾಗ ಬಿಚ್ಚಬಹುದು" ಎಂದ. ನಾಳೆಬನ್ನಿ, "ಸಣ್ಣದು ಬರೀರಿ ಸಾರ್, ಈ ವಯಸ್ಸಲ್ಲಿ ಎಲ್ ಅಂದ್ರೆ ಬೀದೀಲಿ ನಗ್ತಾರೆ" ಎಂದ.

ಬಿಳೀ ರಟ್ಟಿನ ಮೇಲೆ ನಾನೇ ಬರೆದೆ, ಕಣ್ಣಿನ ಚಾರ್ಟಿನ ಮೊದಲ ಸಾಲಿನ ಅಕ್ಷರದಷ್ಟು ದೊಡ್ಡದಾಗಿ. ಮುಂದೊಂದು, ಹಿಂದೊಂದು, ಗೋಂದು ಹಚ್ಚಿಯೇ ಅಂಟಿಸಿದೆ. ನೋಡಿದವರು ದಾರಿ ಬಿಡಲಿ.